ಹುಲ್ಲಿನ ಮಷಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ನೀವೇ ನೋಡಿ



ಕೆಚ್ಚಲು ಬಾವು, ಜಂತುಹುಳು, ಕಾಲುಬಾಯಿ ಜ್ವರದ ಬಗ್ಗೆ ಬರೆಯಬೇಕಾದ ಪಶುವೈದ್ಯಾಧಿಕಾರಿ ಈ ಸಲ ಪೆಟ್ರೋಲ್ ಇಂಜಿನ್ ಬಗ್ಗೆ ಬರೆದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಆದರೆ ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಯ್ಯುವ ಬ್ರಷ್ ಕಟರ್ ಈಗ ಎಷ್ಟೋ ಮನೆಗಳ ಕೊಟ್ಟಿಗೆಗೆ ಬಂದಿದೆ. ಅದು ಕೆಟ್ಟು ನಿಂತ ದಿನ ಹಸುವಿನ ಹೊಟ್ಟೆಯೂ ಕೆಡುತ್ತದೆ. ಹಾಗಾಗಿ ಇದು ನನ್ನ ವಿಷಯವೂ ಹೌದು.

ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 25ರಿಂದ 30 ಕಿಲೋ ಹಸಿರು ಮೇವು ಬೇಕು. ಮೂರು ಹಸು ಇದ್ದರೆ ಬೆಳಗಾದರೆ ಎಂಬತ್ತು ಕಿಲೋ ಮೇವಿನ ಲೆಕ್ಕ. ಮಷಿನ್ ಸ್ಟಾರ್ಟ್ ಆಗಲಿಲ್ಲ, ಯಜಮಾನರು ಪೇಟೆಗೆ ಹೋಗಿದ್ದಾರೆ, ಮೆಕ್ಯಾನಿಕ್ ನಾಳೆ ಬರುತ್ತೇನೆ ಎನ್ನುತ್ತಾನೆ. ಆಗ ಏನಾಗುತ್ತದೆ? ಹಸಿರಿಲ್ಲವಲ್ಲ ಎಂದು ಒಂದು ಸೇರು ಹೆಚ್ಚಿಗೆ ಹಿಂಡಿ, ಮಿಕ್ಕ ಅನ್ನ, ರಾಗಿ ಹಿಟ್ಟಿನ ಗಂಜಿ ಇಡುತ್ತೀರಿ. ಹಸುವಿನ ಹೊಟ್ಟೆ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ. ಇನ್ನು ಕೆಲವರು ಮನೆಯ ಪಕ್ಕದ ಎಳೆ ಜೋಳವನ್ನು ಕುಡುಗೋಲಿನಲ್ಲಿ ಕೊಯ್ದು ಹಾಕುತ್ತಾರೆ. ಹೂ ಬಿಡದ ಎಳೆ ಜೋಳ, ಮಳೆಯಿಲ್ಲದೆ ಬಾಡಿದ ಜೋಳ, ಕೂಳೆಯಿಂದ ಹೊಡೆದ ಚಿಗುರು, ಇವುಗಳಲ್ಲಿ ಸೈನೈಡ್ ವಿಷ ಇರುತ್ತದೆ. ತಿಂದ ಹಸು ಡಾಕ್ಟರ್ ಬರುವ ಮೊದಲೇ ಸಾಯಬಹುದು. ಹಗ್ಗ ಎಳೆದರೂ ಹೊತ್ತಿಕೊಳ್ಳದ ಒಂದು ಇಂಜಿನ್ ಇಷ್ಟು ದೂರ ತರಬಲ್ಲದು.

ನನ್ನ ಅಭಿಪ್ರಾಯ ಇಷ್ಟೆ: ಮಷಿನ್ ಬಳಸುವವರು ನೀವಾದರೆ ಅದನ್ನು ಸರಿಪಡಿಸುವ ಮೊದಲ ಪಾಠವೂ ನಿಮಗೇ ಸಿಗಬೇಕು. "ಹೆಂಗಸರಿಗೆ ಇಂಜಿನ್ ಅರ್ಥ ಆಗಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಸು ಮೇವು ಬಿಟ್ಟರೆ ನೀವು ಏನು ಮಾಡುತ್ತೀರಿ? ಕಿವಿ ಮುಟ್ಟಿ ಜ್ವರ ನೋಡುತ್ತೀರಿ, ಮೆಲುಕು ಹಾಕಿತೇ ಎಂದು ನೋಡುತ್ತೀರಿ, ಸಗಣಿ ನೋಡುತ್ತೀರಿ, ಕೆಚ್ಚಲು ಮುಟ್ಟುತ್ತೀರಿ. ಆಮೇಲೆ ನನಗೆ ಫೋನ್ ಮಾಡುತ್ತೀರಿ. ಮಷಿನ್ ನೋಡುವುದೂ ಹೀಗೇ, ಒಂದಾದ ಮೇಲೊಂದು. ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಸ್ವಿಚ್ ನೋಡಿ. ಎಷ್ಟೋ ಸಲ ಅದು ಆಫ್‌ನಲ್ಲೇ ಇರುತ್ತದೆ. ಆಮೇಲೆ ಪೆಟ್ರೋಲ್. ಟ್ಯಾಂಕಿನಲ್ಲಿ ಇದೆಯೇ ಎಂದಷ್ಟೇ ಅಲ್ಲ, ಯಾವಾಗ ಹಾಕಿದ್ದು ಎಂದೂ ನೆನಪು ಮಾಡಿಕೊಳ್ಳಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ಗೆ ಎಥೆನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳಿಗಿಂತ ಹಳೆಯದಾದರೆ ಬಸಿದು ಹೊಸದು ಹಾಕಿ. ಟೂ ಸ್ಟ್ರೋಕ್ ಮಷಿನ್ ಆದರೆ ಪೆಟ್ರೋಲ್ ಜೊತೆಗೆ ಆಯಿಲ್ ಬೆರೆಸಬೇಕು. ಪುಸ್ತಕದಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲ್‌ಗೆ ಆಯಿಲ್ ಬೆರೆಸಲೇಬಾರದು. ಅದರ ಆಯಿಲ್ ಇಂಜಿನ್‌ನಲ್ಲಿ ಬೇರೆಯಾಗಿ ಇರುತ್ತದೆ, ಮಟ್ಟ ನೋಡಿಕೊಳ್ಳಿ.

ಎರಡನೆಯದು ಚೋಕ್. ಇಂಜಿನ್ ತಣ್ಣಗಿದ್ದರೆ ಸಣ್ಣ ರಬ್ಬರ್ ಬಲ್ಬನ್ನು ಆರೇಳು ಸಲ ಒತ್ತಿ, ಚೋಕ್ ಹಾಕಿ ಹಗ್ಗ ಎಳೆಯಿರಿ. ಒಂದು ಸಲ ಸದ್ದು ಮಾಡಿ ನಿಂತರೆ ಚೋಕ್ ತೆಗೆದು ಮತ್ತೆ ಎಳೆಯಿರಿ. ಈಗಷ್ಟೇ ಓಡಿದ ಬಿಸಿ ಇಂಜಿನ್‌ಗೆ ಸಾಮಾನ್ಯವಾಗಿ ಚೋಕ್ ಬೇಡ.

ಚೋಕ್ ಹಾಕಿಯೇ ಹತ್ತಾರು ಸಲ ಎಳೆದಿದ್ದರೆ ಒಳಗೆ ಪೆಟ್ರೋಲ್ ಹೆಚ್ಚಾಗಿ ವಾಸನೆ ಹೊಡೆಯುತ್ತದೆ. ಆಗ ಸ್ವಿಚ್ ಆಫ್ ಮಾಡಿ, ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಒರೆಸಿ. ಮುಖ ದೂರವಿಟ್ಟು ಹಗ್ಗವನ್ನು ಐದಾರು ಸಲ ಎಳೆಯಿರಿ. ಹತ್ತು ನಿಮಿಷ ಆರಲು ಬಿಟ್ಟು, ಪ್ಲಗ್ ಹಾಕಿ, ಚೋಕ್ ಇಲ್ಲದೆ ಎಳೆಯಿರಿ.

ಬಿಚ್ಚಿದ ಪ್ಲಗ್ಗೇ ನಿಮಗೆ ಕಾಯಿಲೆ ಹೇಳುತ್ತದೆ. ತುದಿ ಟೀ ಬಣ್ಣಕ್ಕಿದ್ದರೆ ಆರೋಗ್ಯ. ಕಪ್ಪು ಮಸಿ ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ. ಅಷ್ಟು ಎಳೆದ ಮೇಲೂ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಟ್ಯಾಂಕಿನೊಳಗಿನ ಫಿಲ್ಟರ್, ಪೈಪು ನೋಡಿ. ಒಂದು ಹೊಸ ಪ್ಲಗ್ ಸದಾ ಮನೆಯಲ್ಲಿರಲಿ. ಕೊನೆಗೆ ಏರ್ ಫಿಲ್ಟರ್. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಇಷ್ಟಕ್ಕೂ ಆಗದಿದ್ದರೆ, ಅಥವಾ ಹಗ್ಗ ಬಿಗಿಯೇ ಇಲ್ಲದೆ ಸಲೀಸಾಗಿ ಬಂದರೆ, ಅದು ಮೆಕ್ಯಾನಿಕ್ ಕೆಲಸ. ಕಾರ್ಬೊರೇಟರ್ ಬಿಚ್ಚಲು ಹೋಗಬೇಡಿ. ಆದರೆ ಅವನಿಗೆ "ಆಗ್ತಿಲ್ಲಪ್ಪ" ಎನ್ನುವ ಬದಲು "ಪೆಟ್ರೋಲ್ ಹೊಸದು, ಪ್ಲಗ್ ಒಣಗಿದೆ, ಫಿಲ್ಟರ್ ತೊಳೆದಿದ್ದೇನೆ" ಎಂದು ಹೇಳಿ. ಅವನ ಅರ್ಧ ಕೆಲಸ ಮುಗಿದಿರುತ್ತದೆ, ಬೇಡದ ಬಿಲ್ಲೂ ತಪ್ಪುತ್ತದೆ.

ಕೆಲವು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಬಿಸಿ ಇಂಜಿನ್‌ಗೆ ಪೆಟ್ರೋಲ್ ಹಾಕಬೇಡಿ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಕಣ್ಣಿಗೆ ಕನ್ನಡಕ, ಕಾಲಿಗೆ ಶೂ ಹಾಕಿ. ಕೊಯ್ಯುವಾಗ ಹದಿನೈದು ಮೀಟರ್ ಒಳಗೆ ಯಾರೂ ಇರಬಾರದು. ಬಸಿದ ಪೆಟ್ರೋಲನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಹಸು ನೆಕ್ಕಿದರೆ ಶ್ವಾಸಕೋಶಕ್ಕೆ ಹೋಗಿ ಉಳಿಸುವುದು ಕಷ್ಟವಾಗುತ್ತದೆ. ಪೆಟ್ರೋಲ್ ಚೆಲ್ಲಿದ ಹುಲ್ಲನ್ನೂ ಹಾಕಬೇಡಿ. ಬದುವಿನಲ್ಲಿ ಬೇಲಿ ತಂತಿ ಇದೆಯೇ ಎಂದು ಮೊದಲು ನೋಡಿ. ಬ್ಲೇಡಿಗೆ ಸಿಕ್ಕಿ ತುಂಡಾದ ತಂತಿ ಮೇವಿನ ಜೊತೆ ಹೊಟ್ಟೆ ಸೇರಿದರೆ ಹೃದಯದವರೆಗೂ ಚುಚ್ಚಿಕೊಂಡು ಹೋಗುತ್ತದೆ.

ಇನ್ನು ನಮ್ಮವರಿಗೂ ಒಂದು ಮಾತು. ಮಷಿನ್ ಮಾರುವಾಗ ಅಂಗಡಿಯವರು ತೋರಿಸಿಕೊಡುವುದು ಗಂಡಸರಿಗೆ. ಸಹಾಯಧನದ ಅರ್ಜಿಗೆ ಸಹಿ ನಿಮ್ಮದಾದರೂ ಹಗ್ಗ ಎಳೆದು ತೋರಿಸುವುದು ಯಜಮಾನರಿಗೆ. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರದ ಕಥೆಯೂ ಇದೇ. ಇದು ಬದಲಾಗಬೇಕು. ಮುಂಗಾರಿಗೆ ಮೊದಲು ಪ್ರತಿ ಸಂಘದ ಅಂಗಳದಲ್ಲಿ ಮಹಿಳಾ ಸದಸ್ಯರಿಗಾಗಿ ಒಂದು ಗಂಟೆಯ ತರಬೇತಿ ಆಗಲಿ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಕೈಯಿಂದ ಪ್ಲಗ್ ಬಿಚ್ಚಿ ಹಾಕಲಿ. ಕನ್ನಡದಲ್ಲಿ ಒಂದು ಪುಟದ ಸೂಚನೆ ಕೊಡದ ಕಂಪನಿಯ ಮಷಿನ್ ಅನ್ನು ಒಕ್ಕೂಟದ ಮೂಲಕ ಕೊಡಿಸಬಾರದು ಎಂಬುದು ನನ್ನ ನಿಲುವು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಹೊಸ ಮಷಿನ್ ತರುವಾಗ ನೀವೂ ಅಂಗಡಿಗೆ ಹೋಗಿ. ನೀವೇ ಮೂರು ಸಲ ಸ್ಟಾರ್ಟ್ ಮಾಡಿ, ಮೂರು ಸಲ ನಿಲ್ಲಿಸಿ, ಆಮೇಲೆ ದುಡ್ಡು ಕೊಡಿ. ಮತ್ತು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ತರಬೇತಿಯನ್ನು ಕೇಳಿ. ಕೇಳಿದ್ದು ನಡವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ನೋಡಿಯೇ ಮನೆಗೆ ಹೋಗಿ.