ಕೈಗಾವೋ ಪಾವಗಡವೋ, ಮೊದಲು ತಾರಸಿ ಹತ್ತಿ ಬನ್ನಿ

ಅರೆಕೆರೆಯ ನೆರೆಹೊರೆಯವರೇ,

ಸಂಜೆ ಕರೆಂಟು ಹೋದಾಗ ಗೇಟಿನ ಮುಂದೆ ನಡೆಯುವ ಜಗಳ ನಿಮಗೂ ಗೊತ್ತು. ಇನ್ನಷ್ಟು ಅಣುಸ್ಥಾವರ ಬೇಕು ಅಂತ ಒಬ್ಬರು, ಇಷ್ಟು ಬಿಸಿಲು ಗಾಳಿ ಇರುವಾಗ ವಿಕಿರಣದ ಸಹವಾಸ ಯಾಕೆ ಅಂತ ಇನ್ನೊಬ್ಬರು. ಅಷ್ಟರಲ್ಲಿ ಜನರೇಟರ್ ಗುಡುಗುತ್ತದೆ, ಎಲ್ಲರೂ ಒಳಗೆ ಹೋಗುತ್ತೇವೆ. ಡೀಸೆಲ್ಲಿನ ಪರ ಯಾರೂ ವಾದಿಸಿರಲಿಲ್ಲ!

ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳು ಸೇರಿ 880 ಮೆಗಾವ್ಯಾಟ್. ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿತು. ಇರುಳು, ಮೋಡ ಯಾವುದೂ ಅದಕ್ಕೆ ಲೆಕ್ಕವಿಲ್ಲ. ಆದರೆ 1994ರಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಒಳಗುಮ್ಮಟದ ಕಾಂಕ್ರೀಟು ಕುಸಿದಿದ್ದೂ ಅಲ್ಲೇ. ಶಿವರಾಮ ಕಾರಂತರು ಈ ಸ್ಥಾವರ ಬೇಡವೆಂದು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತು ಸೋತರು. ಈಗ ಅಲ್ಲಿಗೆ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕ ಬರಲಿವೆ.

ಪಾವಗಡದ ಸೌರ ಪಾರ್ಕು 2,050 ಮೆಗಾವ್ಯಾಟಿನದು. ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ? ಇನ್ನು ಸಂಜೆ ಏಳಕ್ಕೆ, ನಮ್ಮ ಲಿಫ್ಟು ಮಿಕ್ಸಿ ಟಿವಿ ಎಲ್ಲ ಒಟ್ಟಿಗೆ ಓಡುವ ಹೊತ್ತಿಗೆ, ಆ ಫಲಕಗಳಿಂದ ಏನೂ ಬರುವುದಿಲ್ಲ.

ಇರುವ ಕೈಗಾ ಓಡಲಿ, ಹೊಸದರ ಪರ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಕೈಗಾ ಇರುವ ಕಾಳಿ ಕಣಿವೆ ನಮ್ಮ ದೀಪಕ್ಕೆ ನೆಲ ಕೊಟ್ಟಿತು, ಪಾವಗಡವೂ ಕೊಟ್ಟಿತು. ಅರೆಕೆರೆಯ ತಾರಸಿಗಳ ಮೇಲೆ ಏನಿದೆ? ನೀರು ಕಾಯಿಸುವ ಸೋಲಾರ್, ಕರಿ ಟ್ಯಾಂಕು, ಬಟ್ಟೆ ಹಗ್ಗ. ಮಿಕ್ಕಿದ್ದೆಲ್ಲ ಬರೀ ಬಿಸಿಲು.

ಒಂದು ಕಿಲೋವ್ಯಾಟ್‌ನ ಸೌರ ಫಲಕಕ್ಕೆ ನೆರಳು ಬೀಳದ ಸುಮಾರು ನೂರು ಚದರಡಿ ಸಾಕು, ತಿಂಗಳಿಗೆ ನೂರು ಯೂನಿಟ್ಟಿನಷ್ಟು ಬರುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಅಪಾರ್ಟ್‌ಮೆಂಟ್ ಸಂಘಗಳಿಗೆ ಕಿಲೋವ್ಯಾಟ್‌ಗೆ 18,000. ಮನೆ ಮೀಟರಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಇರುವಾಗ ಇದ್ಯಾಕೆ ಅಂದರೆ, ನ್ಯಾಯವಾದ ಮಾತೇ. ಆದರೆ ಲಿಫ್ಟು, ಸಂಪಿನ ಮೋಟರು, ಮೆಟ್ಟಿಲ ದೀಪ ಓಡಿಸುವ ಕಾಮನ್ ಮೀಟರಿಗೆ ಗೃಹಜ್ಯೋತಿ ಇಲ್ಲ. ಅದರ ಬಿಲ್ಲು ಮೆಂಟೆನೆನ್ಸ್ ಹೆಸರಿನಲ್ಲಿ ನಮ್ಮ ಜೇಬಿನಿಂದಲೇ ಹೋಗುತ್ತಿದೆ.

ಬಾಡಿಗೆಗೆ ಇರುವವರೂ ಒಂದು ಕೆಲಸ ಮಾಡಬಹುದು: ಸಂಪಿನ ಮೋಟರನ್ನು ಸಂಜೆ ಹಾಕುವ ಬದಲು ಮಧ್ಯಾಹ್ನ ಹಾಕಲು ವಾಚ್‌ಮನ್‌ಗೆ ಹೇಳಿ. ಆ ಹೊತ್ತಿನಲ್ಲಿ ಪಾವಗಡದ ಕರೆಂಟು ಧಾರಾಳವಾಗಿರುತ್ತದೆ.

ಈ ತಿಂಗಳ ಅಸೋಸಿಯೇಷನ್ ಸಭೆಗೆ ತಪ್ಪದೆ ಬನ್ನಿ. ಎರಡೇ ಪ್ರಶ್ನೆ ಕೇಳಿ: ಕಾಮನ್ ಮೀಟರಿನ ಬಿಲ್ಲು ಎಷ್ಟು, ತಾರಸಿಯಲ್ಲಿ ಎಷ್ಟು ಚದರಡಿ ಖಾಲಿ ಇದೆ. ಅಳೆಯುವ ಟೇಪು ನಾನು ತರುತ್ತೇನೆ.