ಅಕ್ಷರ ಬಂತು, ಅರ್ಥ ಬಂತೇ?

ಅಮೆರಿಕದ ರಾಷ್ಟ್ರೀಯ ಸ್ಪೆಲಿಂಗ್ ಬೀ ಸ್ಪರ್ಧೆಗೆ ಸಿದ್ಧರಾಗುವ ನಮ್ಮ ಮಕ್ಕಳನ್ನು ರಂಜಿಸುವ ಚೋದ್ಯವೊಂದಿದೆ. ‘ಅಬ್‌ಸ್ಟೀಮಿಯಸ್’, ‘ಫಸೀಷಸ್’ ಎಂಬ ಇಂಗ್ಲಿಷ್ ಪದಗಳಲ್ಲಿ ಎ, ಇ, ಐ, ಓ, ಯು ಎಂಬ ಐದೂ ಸ್ವರಾಕ್ಷರಗಳು ಅದೇ ಕ್ರಮದಲ್ಲಿ, ಒಂದೊಂದೇ ಬಾರಿ ಬರುತ್ತವೆ.

ಅಕ್ಷರಗಳ ಸಾಲೇನೋ ಬಾಯಿಪಾಠವಾಯಿತು, ಅರ್ಥ? ಮೊದಲನೆಯದು ಅನ್ನಪಾನಗಳಲ್ಲಿ ಮಿತಿಯುಳ್ಳವರನ್ನು ಕುರಿತದ್ದು. ಅದರ ಒಡಲಲ್ಲಿರುವುದು ಮದ್ಯವೆಂಬ ಅರ್ಥದ ಲ್ಯಾಟಿನ್ ಪದ. ಮದ್ಯದಿಂದ ದೂರವಿರುವುದೇ ಮೂಲಾರ್ಥ. ನಮ್ಮ ‘ಮಿತಾಹಾರಿ’ ಅದಕ್ಕೆ ಸಮೀಪದ ನೆಂಟ. ಎರಡನೆಯದು, ಗಂಭೀರ ವಿಷಯದಲ್ಲಿ ತೋರುವ ಅಕಾಲದ ಕುಚೋದ್ಯ.

ಇನ್ನೊಂದು ಸೂಕ್ಷ್ಮವನ್ನೂ ಮಕ್ಕಳಿಗೆ ತೋರಿಸಬೇಕು. ‘ಫಸೀಷಸ್’ ಎಂದು ಕನ್ನಡದಲ್ಲಿ ಬರೆದೊಡನೆ ಐದು ಸ್ವರಗಳು ಮೂರಾಗುತ್ತವೆ. ಇಂಗ್ಲಿಷ್ ಬರಹವು ಪದದ ಚರಿತ್ರೆಯನ್ನು ಕಾಪಾಡುತ್ತದೆ. ಕನ್ನಡ ಬರಹವು ನುಡಿದುದನ್ನು ಹಿಡಿಯುತ್ತದೆ. ನಮ್ಮ ಅಕ್ಷರಮಾಲೆ ದೊಡ್ಡದೆಂದು ಹಿಂಜರಿಯುವ ಮಗುವಿಗೆ ಇದೇ ಉತ್ತರ: ಒಮ್ಮೆ ಅಕ್ಷರಗಳು ಕೈವಶವಾದರೆ, ಹಿಂದೆಂದೂ ಕಾಣದ ಪದವನ್ನೂ ಓದಬಹುದು.

ಆದುದರಿಂದ ಪಾಲಕರಲ್ಲಿ ಒಂದು ವಿನಂತಿ. ಸ್ಪೆಲಿಂಗ್ ಕೇಳಿದ ಬಳಿಕ ಪದದ ಅರ್ಥವನ್ನು ಮಕ್ಕಳಿಂದ ಕನ್ನಡದಲ್ಲಿ ಹೇಳಿಸಿರಿ. ತಿಳಿಯದಿದ್ದರೆ ಜೊತೆಗೆ ಕುಳಿತು ನಿಘಂಟನ್ನು ತೆರೆಯಿರಿ. ಸ್ಪರ್ಧೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಊರಿನ ಅಜ್ಜಿಯೊಡನೆ ಮಾತನಾಡುವ ನುಡಿ ಅಲ್ಲಿಗೇ ಮುಗಿಯಬಾರದು.