ಒಂದು ತೂತಿನ ಸಾಕ್ಷ್ಯ

ಟಾರ್ಪೆಡೊ ನೀರೊಳಗೇ ಸಾಗಿ ಹಡಗಿನ ಹೊಟ್ಟೆಗೆ ಬಡಿಯುವ ಅಸ್ತ್ರ. ಅದನ್ನು ಹೊತ್ತು ಬರುವ ಚಿಕ್ಕ ದೋಣಿಗಳನ್ನು ಬೆನ್ನಟ್ಟಿ ನಾಶಮಾಡಲೆಂದು 1890ರ ದಶಕದಲ್ಲಿ ಹುಟ್ಟಿದ ವೇಗದ ಯುದ್ಧನೌಕೆಯೇ ಡೆಸ್ಟ್ರಾಯರ್. ಮುಂದೆ ಜಲಾಂತರ್ಗಾಮಿಗಳ ಬೇಟೆಯೂ ಅದರ ಪಾಲಿಗೆ ಬಂತು.

ಅಮೆರಿಕದ 'ವಾರ್ಡ್' ಅಂಥದೊಂದು ಹಡಗು. ಮೊದಲ ಮಹಾಯುದ್ಧದ ತುರ್ತಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ 1918ರ ಮೇ 15ರಂದು ಅದರ ನಿರ್ಮಾಣ ಆರಂಭವಾಯಿತು. ಜೂನ್ 1ರಂದು ಹಡಗು ನೀರಿಗಿಳಿಯಿತು. ಮೂರು ವಾರವೂ ಹಿಡಿಯಲಿಲ್ಲ! ಆದರೆ ನವೆಂಬರಿನಲ್ಲಿ ಯುದ್ಧವೇ ಮುಗಿಯಿತು. 1921ರಲ್ಲಿ ಮೂಲೆಗೆ ಸೇರಿದ ವಾರ್ಡ್ ಮತ್ತೆ ಕೆಲಸಕ್ಕೆ ಬಂದದ್ದು 1941ರಲ್ಲಿ, ಹವಾಯಿಯ ಪರ್ಲ್ ಹಾರ್ಬರ್ ಬಂದರಿನ ಬಾಗಿಲು ಕಾಯಲು.

1941ರ ಡಿಸೆಂಬರ್ 7, ಬೆಳಿಗ್ಗೆ ಸುಮಾರು 6.45. ಬಂದರಿನತ್ತ ಹೊರಟಿದ್ದ ಹಡಗೊಂದರ ಹಿಂದೆ ಪುಟ್ಟ ಜಲಾಂತರ್ಗಾಮಿಯ ಗೋಪುರ ನೀರಿನ ಮೇಲೆ ಕಾಣಿಸಿತು. ಕ್ಯಾಪ್ಟನ್ ವಿಲಿಯಂ ಔಟರ್‌ಬ್ರಿಜ್ ವಾರ್ಡ್‌ನ ಹೊಣೆ ಹೊತ್ತು ಎರಡೇ ದಿನವಾಗಿತ್ತು. ಆದರೂ ಅವರು ತಡಮಾಡಲಿಲ್ಲ. ಮೊದಲ ಗುಂಡು ಗುರಿ ತಪ್ಪಿತು. ಎರಡನೆಯದು ಗೋಪುರದ ಬುಡಕ್ಕೆ ತಗುಲಿತು. 6.53ರ ಹೊತ್ತಿಗೆ ಈ ವಿಷಯವನ್ನು ರೇಡಿಯೊ ಮೂಲಕ ದಡಕ್ಕೆ ತಿಳಿಸಿಯೂ ಆಯಿತು.

ಹಿಂದೆಯೂ ಇಂಥ ಸುದ್ದಿಗಳು ಬಂದು ಸುಳ್ಳಾಗಿದ್ದವು. ಇದು ನಿಜವೇ ಎಂದು ಮೇಲಧಿಕಾರಿಗಳು ವಿಚಾರಿಸುತ್ತಿದ್ದಂತೆಯೇ ಒಂದು ಗಂಟೆ ಕಳೆಯಿತು. 7.55ರ ಸುಮಾರಿಗೆ ಜಪಾನಿನ ವಿಮಾನಗಳು ಬಾಂಬಿನ ಮಳೆಗರೆದವು. ಆ ದಿನ ಸತ್ತ ಅಮೆರಿಕನ್ನರು 2,400ಕ್ಕೂ ಹೆಚ್ಚು.

ಸರಿಯಾಗಿ ಮೂರು ವರ್ಷಗಳ ನಂತರ, 1944ರ ಡಿಸೆಂಬರ್ 7ರಂದು, ಫಿಲಿಪೀನ್ಸ್ ಬಳಿ ಜಪಾನಿನ ಆತ್ಮಾಹುತಿ ವಿಮಾನವೊಂದು ವಾರ್ಡ್‌ಗೆ ಅಪ್ಪಳಿಸಿತು. ಬೆಂಕಿ ಹತೋಟಿಗೆ ಬಾರದೆ ಹೋದಾಗ 'ಓಬ್ರಿಯನ್' ಎಂಬ ಇನ್ನೊಂದು ಡೆಸ್ಟ್ರಾಯರ್ ಗುಂಡು ಹಾರಿಸಿ ಅದನ್ನು ಮುಳುಗಿಸಿತು. ಅದರ ಕ್ಯಾಪ್ಟನ್ ಯಾರು ಗೊತ್ತೇ? ಅದೇ ಔಟರ್‌ಬ್ರಿಜ್!

ವಾರ್ಡ್ ನಿಜಕ್ಕೂ ಆ ಜಲಾಂತರ್ಗಾಮಿಯನ್ನು ಮುಳುಗಿಸಿತ್ತೇ ಎಂಬ ಅನುಮಾನ ಮಾತ್ರ ಉಳಿದಿತ್ತು. 2002ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 400 ಮೀಟರ್ ಆಳದಲ್ಲಿ ಅದನ್ನು ಕಂಡುಹಿಡಿದರು. ಗೋಪುರದ ಬುಡದಲ್ಲಿ ಗುಂಡಿನ ತೂತು ಇತ್ತು. ನಾವಿಕರು ಹೇಳಿದ್ದೂ ಅದೇ ಜಾಗವನ್ನು!

ಪರೀಕ್ಷಿಸಿ ನಂಬಬೇಕೆನ್ನುವುದು ವಿಜ್ಞಾನದ ನಿಯಮ, ನಿಜ. ಆದರೆ ಪರೀಕ್ಷೆ ಮುಗಿಯುವ ತನಕ ಕೈಕಟ್ಟಿ ಕೂರಬೇಕೆಂದು ಅದು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ ನಿಮ್ಮ ಅಮ್ಮ ಏನು ಮಾಡುತ್ತಾರೆ? ಮೊದಲು ಸಿಲಿಂಡರ್ ಬಂದ್ ಮಾಡಿ ಕಿಟಕಿ ತೆರೆಯುತ್ತಾರೆ. ಸೋರಿದ್ದು ಎಲ್ಲಿಂದ ಎಂದು ಹುಡುಕುವುದು ಆಮೇಲೆ.